ನಕ್ಷೆಯ ಕಡಲಿಗೆ ಚುಕ್ಕಿಗೆರೆ ಎಳೆಯುವವರಿಗೆ ಒಂದು ಬಹಿರಂಗ ಪತ್ರ

ಕನ್ನಡದಲ್ಲಿ ಹೊಸ ಲೋಕಗಳನ್ನು ಕಟ್ಟುತ್ತಿರುವ ಗೆಳೆಯರಿಗೆ, ಅವಕ್ಕೆ ನಕ್ಷೆ ಬಿಡಿಸಿಕೊಡುವವರಿಗೆ, ದಾಳ ಹಾಕಿ ಕಥೆ ಆಡುವ ಎಲ್ಲರಿಗೆ,

ನಮಸ್ಕಾರ.

ನಾನು ಕಾಸರಗೋಡಿನ ಕುಂಬಳೆ ಕಡೆಯವನು. ನಮ್ಮ ಮನೆಗೂ ಕಡಲಿಗೂ ನಡುವೆ ಒಂದು ತೆಂಗಿನ ತೋಟ, ಒಂದು ರೈಲು ಹಳಿ, ಅಷ್ಟೇ. ಮಳೆಗಾಲದ ರಾತ್ರಿ ರೈಲು ಬಂತೋ ಕಡಲು ಬಂತೋ ಅಂತ ಗೊತ್ತಾಗುವುದಿಲ್ಲ. ಇದನ್ನು ಮೊದಲೇ ಹೇಳಿದ್ದು ಯಾಕಂದ್ರೆ, ಈ ಪತ್ರ ಕಡಲಿನ ವಿಷಯಕ್ಕೆ ಜಗಳ ತೆಗೆಯಲಿಕ್ಕೆ ಬರೆದದ್ದು. ಅದೂ ಎಲ್ಲೂ ಇಲ್ಲದ ಕಡಲಿನ ವಿಷಯಕ್ಕೆ.

ನಾವು ಐದಾರು ಜನ ಭಾನುವಾರ ಮಧ್ಯಾಹ್ನ ಜಗಲಿಯಲ್ಲಿ ಕೂತು ದಾಳ ಹಾಕಿ ಕಥೆ ಆಡುತ್ತೇವೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಅದರೊಳಗಿನ ಪಾತ್ರಗಳಾಗುತ್ತಾರೆ, ಅವರು ಮಾಡಿದ್ದು ಫಲಿಸಿತೋ ಇಲ್ಲವೋ ಅಂತ ದಾಳ ಹೇಳುತ್ತದೆ. ಕಥೆ ನಡೆಸುವವನು ನಾನು. ಇದು ಹೇಗೋ ನಾಲ್ಕು ಜನಕ್ಕೆ ಗೊತ್ತಾಗಿ, ಈಗ ಕಾದಂಬರಿ ಬರೆಯುವ ಹುಡುಗ ಹುಡುಗಿಯರು ತಮ್ಮ ಲೋಕದ ನಕ್ಷೆ ಕಳಿಸಿ "ಒಮ್ಮೆ ನೋಡಿ ಅಣ್ಣಾ" ಅನ್ನುತ್ತಾರೆ. ನೋಡುತ್ತೇನೆ. ಬೆಟ್ಟ ಚಂದ, ಕಾಡು ಚಂದ, ಕೋಟೆಗಳ ಹೆಸರು ಓದಿದರೆ ಮೈ ಜುಂ ಅನ್ನುತ್ತದೆ. ಆಮೇಲೆ ಕಣ್ಣು ಕಡಲಿಗೆ ಹೋಗುತ್ತದೆ. ಎಡಕ್ಕೊಂದು ಬಂದರು, ಬಲಕ್ಕೊಂದು ಬಂದರು, ನಡುವೆ ಸ್ಕೇಲು ಇಟ್ಟು ಎಳೆದ ಹಾಗೆ ಒಂದು ಚುಕ್ಕಿಗೆರೆ. ಅದರ ಮೇಲೆ 'ಮಹಾ ವಾಣಿಜ್ಯ ಮಾರ್ಗ' ಅಂತ ಬರೆದಿರುತ್ತದೆ. ಪಕ್ಕದಲ್ಲಿ ಬಾಲ ಸುತ್ತಿಕೊಂಡ ಒಂದು ಕಡಲಸರ್ಪ. ಮುಗಿಯಿತು.

ಕಥೆ ಓದಿದರೆ ಇನ್ನೂ ತಮಾಷೆ. ನಾಯಕ ಊಟ ಮುಗಿಸಿ ಬಂದರಿಗೆ ಬರುತ್ತಾನೆ, ಒಕ್ಕಣ್ಣಿನ ನಾವಿಕನ ಹತ್ತಿರ ಬಾಡಿಗೆ ಮಾತಾಡುತ್ತಾನೆ, ಅವತ್ತು ರಾತ್ರಿಯೇ ಹಡಗು ಬಿಡುತ್ತದೆ. ಮುಂದಿನ ಅಧ್ಯಾಯದಲ್ಲಿ ಆಚೆ ದಡ. ನಡುವೆ ಬೇಕಾದರೆ ಒಂದು ಬಿರುಗಾಳಿ.

ತಿಂಗಳು ಯಾವುದು ಮಾರಾಯ್ರೆ?

ನನ್ನ ಜಗಳ ಇಷ್ಟೇ. ಹಾಯಿ ಕಟ್ಟಿ ಹೋಗುವ ಲೋಕದಲ್ಲಿ ಕಡಲ ದಾರಿ ಅಂದ್ರೆ ಗೆರೆ ಅಲ್ಲ, ಪಂಚಾಂಗ. ಅದು ವರ್ಷದಲ್ಲಿ ಕೆಲವು ತಿಂಗಳು ಇರುತ್ತದೆ, ಕೆಲವು ತಿಂಗಳು ಇರುವುದೇ ಇಲ್ಲ. ನಿಮ್ಮ ಕಥೆ ಇರುವುದು ಆ ಇಲ್ಲದ ತಿಂಗಳುಗಳಲ್ಲಿ. ನೀವು ಅದನ್ನೇ ಹಾರಿಸಿಬಿಡುತ್ತೀರಿ.

ನಮ್ಮದೂ ಮೊದಲು ಹೀಗೇ ಇತ್ತು, ಸುಳ್ಳು ಯಾಕೆ ಹೇಳಲಿ. ನಮ್ಮ ಲೋಕದ ಕಡಲಿಗೆ ತೆಂಕಗಡಲು ಅಂತ ಹೆಸರು. ಪೂರ್ವಕ್ಕೆ ಅಳಿವೆಬಾಗಿಲು ಅನ್ನುವ ಬಂದರು. ಮೆಣಸು, ಅಕ್ಕಿ, ಅಡಿಕೆ ಅಲ್ಲಿಂದ ಹೊರಡುತ್ತವೆ. ಪಶ್ಚಿಮಕ್ಕೆ ಹರಳೂರು. ಖರ್ಜೂರ, ಗಾಜು, ಕುದುರೆ ಅಲ್ಲಿಂದ ಬರುತ್ತವೆ. ನಡುವೆ ಹನ್ನೆರಡು ಕುದುರು, ಅಂದ್ರೆ ಪುಟ್ಟ ದ್ವೀಪ. ಆದ್ದರಿಂದ ಇದು ಕುದುರುದಾರಿ. ಮೊದಲ ವರ್ಷ ಈ ದಾರಿಯಲ್ಲಿ ಹಡಗುಗಳನ್ನು ಕಾಸರಗೋಡು–ಮಂಗಳೂರು ಬಸ್ಸಿನ ಹಾಗೆ ಓಡಿಸಿದೆವು. ಒಂದು ತಪ್ಪಿದರೆ ಹಿಂದೆಯೇ ಇನ್ನೊಂದು.

ಆಮೇಲೆ ಒಂದು ಜೂನ್ ತಿಂಗಳ ಭಾನುವಾರ. ಮಳೆ ಹೊಡೆಯುತ್ತಿತ್ತು. ನಕ್ಷೆಯ ಮೇಲೆ ನೀರು ಸಿಡಿಯಬಾರದು ಅಂತ ಒಬ್ಬ ತನ್ನ ಛತ್ರಿಯನ್ನೇ ಅಡ್ಡ ಇಟ್ಟಿದ್ದ. ಚಿಕ್ಕಮ್ಮ ಚಾ ತಂದು ಇಡಲಿಕ್ಕೆ ಜಾಗ ಹುಡುಕುತ್ತಾ ನಕ್ಷೆ ನೋಡಿದರು. "ಇದೆಂತದು?" ಅಂದರು. ಹಡಗಿನ ದಾರಿ ಅಂದೆ. "ಈ ಮಳೆಗೂ ಹೋಗ್ತದಾ?" ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ತೋಟದ ಆಚೆ ಕಡಲು ಗುಡುಗುತ್ತಿತ್ತು, ನಾವು ಆಡುವಷ್ಟು ಹೊತ್ತೂ ಗುಡುಗುತ್ತಲೇ ಇತ್ತು, ನಮಗೆ ಯಾರಿಗೂ ಕೇಳಿಸಿರಲಿಲ್ಲ. ಹೌದು, ಹೋಗ್ತದೆ ಅಂದ ನಮ್ಮಲ್ಲೊಬ್ಬ, ಸುಮ್ನೆ. "ಹಾಗಾದ್ರೆ ಹೋಗಿ ಮುಳುಗಲಿ" ಅಂತ ಹೇಳಿ ಚಿಕ್ಕಮ್ಮ ಒಳಗೆ ಹೋದರು.

ಅವತ್ತು ನಕ್ಷೆ ಮಡಚಿಟ್ಟು ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಗಾಳಿ ಬರೆಯಲಿಕ್ಕೆ ಕೂತೆವು. ನಮ್ಮ ಕಣ್ಣೆದುರಿನ ಕಡಲಿನಿಂದಲೇ ಕದ್ದೆವು, ಅದರಲ್ಲಿ ನಾಚಿಕೆ ಏನಿಲ್ಲ. ಬೇಸಿಗೆಯಲ್ಲಿ ಈ ಕಡೆಯ ನೆಲ ಕಾದು ಕೆಂಡವಾಗುತ್ತದೆ, ಅದರ ಮೇಲಿನ ಗಾಳಿ ಏರಿ ಹೋಗುತ್ತದೆ, ಆ ಜಾಗ ತುಂಬಲು ಕಡಲಿನಿಂದ ಗಾಳಿ ನುಗ್ಗಿ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನೈಋತ್ಯದ ಗಾಳಿ, ಮಳೆ ಹೊತ್ತುಕೊಂಡು. ಚಳಿಗಾಲಕ್ಕೆ ನೆಲ ತಣಿದು ಎಲ್ಲ ತಿರುಗುಮುರುಗು. ಈಶಾನ್ಯದಿಂದ, ನೆಲದ ಕಡೆಯಿಂದ ಕಡಲಿಗೆ, ಒಣ ಗಾಳಿ. ಹಾಯಿ ಹಡಗಿನವನಿಗೆ ಒಂದು ಗಾಳಿ ಕರೆತರಲಿಕ್ಕೆ, ಇನ್ನೊಂದು ಕಳಿಸಿಕೊಡಲಿಕ್ಕೆ. ನಮ್ಮ ತೆಂಕಗಡಲಲ್ಲಿ ಮಳೆ ಗಾಳಿಗೆ ಅತ್ತೆಗಾಳಿ ಅಂತಲೂ ಒಣ ಗಾಳಿಗೆ ಸೊಸೆಗಾಳಿ ಅಂತಲೂ ಹೆಸರಿಟ್ಟೆವು. ಒಂದೇ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಇರುವುದಿಲ್ಲ. ಇಬ್ಬರೂ ಇಲ್ಲದ ಕೆಲವು ವಾರ ಮಾತ್ರ ಕಡಲು ಎಣ್ಣೆಯ ಹಾಗೆ ನಿಂತಿರುತ್ತದೆ. ಆಗಲೂ ಹಡಗು ಹೋಗುವುದಿಲ್ಲ, ಅದನ್ನು ಮರೀಬೇಡಿ.

ಇಲ್ಲೊಂದು ಸೂಕ್ಷ್ಮ ಇದೆ. ಗಾಳಿ ನಿಮ್ಮ ಕಡೆ ಬೀಸುತ್ತಿದೆ ಅಂದ ಮಾತ್ರಕ್ಕೆ ಹಡಗು ಬರಬಹುದು ಅಂತಲ್ಲ. ಜೂನ್ ಜುಲೈಯಲ್ಲಿ ಅತ್ತೆಗಾಳಿ ಅಳಿವೆಬಾಗಿಲಿನ ಕಡೆಗೇ ಬೀಸುತ್ತದೆ, ಆದರೆ ಆಗ ಬಂದವನು ಬಂದರಿಗೆ ಬರುವುದಿಲ್ಲ, ಬಂಡೆಗೆ ಬರುತ್ತಾನೆ. ಆಕೆಯ ಸಿಟ್ಟು ಇಳಿಯುವ ತನಕ ಕಾದು, ಬಾಲ ಹಿಡಿದುಕೊಂಡು ಬರಬೇಕು. ನಮ್ಮ ನಿಜವಾದ ಕಡಲಿನಲ್ಲೂ ಹೀಗೇ ಇತ್ತು. ರೋಮಿನ ಬರಹಗಾರ ಪ್ಲಿನಿ 1ನೇ ಶತಮಾನದಲ್ಲಿ ಬರೆದಿಟ್ಟ ಲೆಕ್ಕ ನೋಡಿ: ಕೆಂಪು ಸಮುದ್ರದ ಬಾಯಿಯಿಂದ ಕೇರಳದ ಹಳೆಯ ಬಂದರು ಮುಜಿರಿಸಿಗೆ 40 ದಿನ, ಈಜಿಪ್ಟಿನಿಂದ ಹೊರಡುವುದು ನಡುಬೇಸಿಗೆಯಲ್ಲಿ, ಇಲ್ಲಿಂದ ಹಿಂದಿರುಗುವುದು ಡಿಸೆಂಬರ್ ಹೊತ್ತಿಗೆ. ಅಂದ್ರೆ ಬಂದವನು ಸರಕು ಇಳಿಸಿ, ಮೆಣಸು ತುಂಬಿಸಿ, ಗಾಳಿ ತಿರುಗುವ ತನಕ ಇಲ್ಲೇ ಬಿದ್ದುಕೊಂಡಿರಬೇಕು. ಒಂದು ಗಾಳಿ ತಪ್ಪಿಸಿಕೊಂಡರೆ ಒಂದು ವರ್ಷ ಹೋಯಿತು.

ಹಾಗೆ ಬಿದ್ದುಕೊಂಡವನು ಸುಮ್ಮನೆ ಇರುತ್ತಾನಾ? ಮನೆ ಬಾಡಿಗೆಗೆ ಹಿಡಿಯುತ್ತಾನೆ. ಅಡುಗೆಯವರನ್ನು ಹುಡುಕುತ್ತಾನೆ. ಸಾಲ ಕೊಡುತ್ತಾನೆ, ಸಾಲ ಮಾಡುತ್ತಾನೆ, ಮದುವೆಯಾಗುತ್ತಾನೆ. ಟ್ಯುನೀಸಿಯ ಕಡೆಯ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 1132ರಿಂದ 1149ರ ನಡುವಿನ ಹೆಚ್ಚಿನ ಕಾಲ ನಮ್ಮ ಮಂಗಳೂರಿನ ಕಡೆ ಇದ್ದ. ಹಿತ್ತಾಳೆ ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟುಕೊಂಡಿದ್ದ. ಇಲ್ಲಿಯ ಆಶು ಎಂಬಾಕೆಯ ಜೊತೆ ಸಂಸಾರ ಮಾಡಿದ. ಬೊಮ್ಮ ಅನ್ನುವ ಆಳು ಅವನ ಪರವಾಗಿ ಯೆಮೆನ್‌ನ ಏಡನ್ ಬಂದರಿಗೆ ಹೋಗಿ ವ್ಯವಹಾರ ನೋಡಿಕೊಂಡು ಬರುತ್ತಿದ್ದ. ಅವನ ಕಾಗದಗಳು ಕೈರೋದ ಹಳೆಯ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಒಂದರ ಕೋಣೆಯಲ್ಲಿ ಉಳಿದುಕೊಂಡವು. ಅದರಲ್ಲಿ ಇರುವುದು ಯುದ್ಧ ಅಲ್ಲ, ಕಡಲಸರ್ಪ ಅಲ್ಲ. ಏಲಕ್ಕಿ ಕೊಡುತ್ತೇನೆ ಅಂತ ಮುಂಗಡ ದುಡ್ಡು ತಗೊಂಡು ಸರಕು ಕೊಡದೆ ಆಟ ಆಡಿಸಿದವನ ಮೇಲಿನ ಸಿಟ್ಟು! 900 ವರ್ಷ ಆಯಿತು, ಆ ಸಿಟ್ಟು ಇನ್ನೂ ಆರಿಲ್ಲ, ಓದಿದರೆ ಬಿಸಿ ತಾಗುತ್ತದೆ. ಆ ಏಲಕ್ಕಿ ಕೊಡದವನನ್ನು ಹುಡುಕಿಕೊಂಡು ಹೋಗುವುದು ಒಂದು ಕಥೆ ಅಲ್ವಾ? ನಿಮ್ಮ ಲೋಕದಲ್ಲಿ ಮುಂಗಡ ತಿಂದು ಓಡಿಹೋದವನು ಒಬ್ಬನೂ ಯಾಕಿಲ್ಲ?

ದುಡ್ಡಿನ ಮಾತು ಬಂತಲ್ಲ, ಇನ್ನೊಂದು ಹೇಳುತ್ತೇನೆ. ವಿಯೆನ್ನಾದಲ್ಲಿ 2ನೇ ಶತಮಾನದ ಒಂದು ಪಪೈರಸ್ ಹಾಳೆ ಇದೆ. ಮುಜಿರಿಸಿನ ವ್ಯಾಪಾರಕ್ಕೆ ಸಂಬಂಧಪಟ್ಟ ಸಾಲಪತ್ರ. ಕೆಂಪು ಸಮುದ್ರದ ದಡದಿಂದ ಸರಕನ್ನು ಒಂಟೆಯ ಮೇಲೆ ಹೇಗೆ ಸಾಗಿಸಬೇಕು, ಕಾವಲು ಹೇಗಿರಬೇಕು, ಆಮೇಲೆ ನೈಲ್ ನದಿಯಲ್ಲಿ ದೋಣಿಯಲ್ಲಿ ಅಲೆಕ್ಸಾಂಡ್ರಿಯಕ್ಕೆ ಹೇಗೆ ಮುಟ್ಟಿಸಬೇಕು ಅಂತ ಒಂದು ಬದಿಯಲ್ಲಿ. ಇನ್ನೊಂದು ಬದಿಯಲ್ಲಿ ಹೆರ್ಮಪೊಲ್ಲೊನ್ ಅನ್ನುವ ಹಡಗಿನ ಸರಕಿನ ಬೆಲೆ: ಜಟಾಮಾಂಸಿ, ಆನೆದಂತ, ಬಟ್ಟೆ. ಅದರಲ್ಲಿ ನಾಲ್ಕರಲ್ಲಿ ಒಂದು ಪಾಲು ಸುಂಕ. 25 ಪರ್ಸೆಂಟ್! ಇದು ಗೊತ್ತಾದ ದಿನವೇ ನಮ್ಮ ಆಟದಲ್ಲಿ ಕಳ್ಳಸಾಗಣೆ ಶುರುವಾಯಿತು. ಅದಕ್ಕಿಂತ ಮೊದಲು ಯಾರಿಗೂ ಅದರ ಯೋಚನೆ ಬಂದಿರಲಿಲ್ಲ, ಯಾಕಂದ್ರೆ ಸುಂಕವೇ ಇಲ್ಲದ ಲೋಕದಲ್ಲಿ ಕಳ್ಳಸಾಗಣೆ ಎಂತಕ್ಕೆ?

ಬಂದರಿನ ರಾಜರ ಬಗ್ಗೆಯೂ ಸ್ವಲ್ಪ ಯೋಚನೆ ಮಾಡಿ. ನಿಮ್ಮ ನಕ್ಷೆಗಳಲ್ಲಿ ಎರಡು ತುದಿಯ ರಾಜರು ಮಾತ್ರ ಇರುತ್ತಾರೆ. ನಡುವಿನವರು? 14ನೇ ಶತಮಾನದಲ್ಲಿ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ನಮ್ಮ ಬಾರ್ಕೂರಿಗೆ ಬಂದ. ಅವನು ಅದನ್ನು ಫಾಕನೂರು ಅನ್ನುತ್ತಾನೆ. ಅಲ್ಲಿಯ ರಾಜನ ಹತ್ತಿರ 30 ಯುದ್ಧ ಹಡಗು. ಪದ್ಧತಿ ಏನು ಗೊತ್ತಾ? ಊರಿನ ಎದುರು ಹಾದುಹೋಗುವ ಹಡಗು ನಿಲ್ಲಲೇಬೇಕು, ರಾಜನಿಗೆ ಕಾಣಿಕೆ ಕೊಡಲೇಬೇಕು. ಅದು 'ಬಂದರಿನ ಹಕ್ಕು'. ಕಾಣದ ಹಾಗೆ ಜಾರಿಕೊಂಡರೆ ಬೆನ್ನಟ್ಟಿ ಹಿಡಿದು ತಂದು ಸುಂಕ ದುಪ್ಪಟ್ಟು ಮಾಡುತ್ತಿದ್ದರು. ಅವನಿಗಿಂತ ಸ್ವಲ್ಪ ಮೊದಲು ಬಂದ ಮಾರ್ಕೋ ಪೋಲೋ ಏಳಿಮಲೆ ರಾಜ್ಯದ ಬಗ್ಗೆ ಬರೆದದ್ದು ಇನ್ನೂ ಚಂದ. ಬೇರೆ ಊರಿಗೆ ಹೊರಟ ಹಡಗು ತಪ್ಪಿ ಅಲ್ಲಿಯ ಅಳಿವೆಗೆ ಬಂದರೆ ಎಲ್ಲ ಕಿತ್ತುಕೊಳ್ಳುತ್ತಿದ್ದರಂತೆ. ನೀನು ಹೊರಟದ್ದು ಬೇರೆ ಕಡೆ, ದೇವರು ಕಳಿಸಿದ್ದು ನಮ್ಮ ಕಡೆ, ಹಾಗಾಗಿ ಸರಕು ನಮ್ಮದು ಅನ್ನುವುದು ಅವರ ವಾದ. ವಾದದಲ್ಲಿ ತಪ್ಪು ಹುಡುಕಿ ನೋಡುವಾ! ಏಳಿಮಲೆ ನಮಗೆ ದೂರವಲ್ಲ, ಪಯ್ಯನ್ನೂರಿನ ಹತ್ತಿರ. ರೈಲಿನಲ್ಲಿ ಹೋಗುವಾಗ ಆ ಗುಡ್ಡ ಕಂಡಾಗಲೆಲ್ಲ ನನಗೆ ಇದೇ ನೆನಪಾಗಿ ನಗು ಬರುತ್ತದೆ.

ಇದಕ್ಕೆ ತದ್ವಿರುದ್ಧ ಆಂಧ್ರದ ಕರಾವಳಿಯ ಮೋಟುಪಲ್ಲಿ. ಕಾಕತೀಯ ಗಣಪತಿದೇವ 1244ರಲ್ಲಿ ಅಲ್ಲಿ ಕಂಬ ನೆಟ್ಟು ಅಭಯ ಶಾಸನ ಬರೆಸಿದ. ಗಾಳಿಗೆ ಸಿಕ್ಕಿ ಒಡೆದು ದಡಕ್ಕೆ ಬಿದ್ದ ಹಡಗಿನ ಸರಕನ್ನು ಹಿಂದಿನ ರಾಜರು ಪೂರಾ ಬಾಚಿಕೊಳ್ಳುತ್ತಿದ್ದರು, ನಾವು ಗೊತ್ತುಮಾಡಿದ ಸುಂಕ ಬಿಟ್ಟು ಉಳಿದದ್ದು ಮುಟ್ಟುವುದಿಲ್ಲ ಅಂತ. ಹಡಗಿನವರು ಯಾವ ಬಂದರಿಗೆ ಹೋದಾರು ಹೇಳಿ. ನಿಮ್ಮ ಲೋಕದಲ್ಲಿ ಹೀಗೆ ಎರಡು ಬಂದರು ಪಕ್ಕಪಕ್ಕ ಇಟ್ಟು ನೋಡಿ, ಒಂದು ಬಾಚಿಕೊಳ್ಳುವ ಊರು, ಒಂದು ಅಭಯ ಕೊಡುವ ಊರು, ನಡುವೆ ಬಿರುಗಾಳಿ. ಕಡಲಸರ್ಪ ಬೇಕಾ ಆಮೇಲೂ?

ಪೋರ್ಚುಗೀಸರು 16ನೇ ಶತಮಾನದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬಂದರಿನಲ್ಲಿ ಅಲ್ಲ, ನಡುಗಡಲಲ್ಲೇ ಚೀಟಿ ಕೇಳಿದರು. ಕರ್ತಾಜ್ ಅಂತ. ಅದು ಇಲ್ಲದ ಹಡಗು ಸಿಕ್ಕಿದರೆ ಹಡಗೂ ಅವರದ್ದು, ಸರಕೂ ಅವರದ್ದು. ಅಲ್ಲಿಯ ತನಕ ಇಲ್ಲಿಯವರಿಗೆ ತಮ್ಮ ಕಡಲಲ್ಲಿ ಹೋಗಲಿಕ್ಕೆ ಪರವಾನಗಿ ಬೇಕು ಅಂತಲೇ ಗೊತ್ತಿರಲಿಲ್ಲ. ನಾವಿದನ್ನು ಹರಳೂರಿನವರ ಕೈಗೆ ಕೊಟ್ಟೆವು, ಓಲೆಚೀಟಿ ಅಂತ ಹೆಸರು. ಒಂದು ಭಾನುವಾರ ನಮ್ಮ ಹುಡುಗರ ಚೀಟಿಯ ಅರಗಿನ ಮುದ್ರೆ ಬಿಸಿಲಿಗೆ ಕರಗಿ ಅಂಟಿಕೊಂಡಿತ್ತು (ದಾಳದಲ್ಲಿ ಒಂದು ಬಿತ್ತು, ನಾನೇನು ಮಾಡಲಿ). ಆ ಮುದ್ರೆ ಅಸಲಿಯೋ ನಕಲಿಯೋ ಅಂತ ವಾದ ಮಾಡುವುದರಲ್ಲೇ ಮೂರು ಭಾನುವಾರ ಹೋಯಿತು. ಒಂದು ಕತ್ತಿ ಹೊರಗೆ ಬರಲಿಲ್ಲ. ನಮ್ಮ ಇಡೀ ಆಟದಲ್ಲಿ ಇಷ್ಟು ಬೆವರಿದ್ದು ಬೇರೆ ಯಾವಾಗಲೂ ಇಲ್ಲ.

ಇನ್ನು ಸರಕು. ನಿಮ್ಮ ಹಡಗುಗಳಲ್ಲಿ ಬರೀ ಚಿನ್ನ, ರೇಷ್ಮೆ, ಮಾಯದ ಹರಳು. ಸ್ವಲ್ಪ ಅಕ್ಕಿ ತುಂಬಿಸಿ ದಯವಿಟ್ಟು. 1514ರ ಸುಮಾರಿಗೆ ಪೋರ್ಚುಗೀಸರ ದುವಾರ್ತೆ ಬಾರ್ಬೋಸಾ ನಮ್ಮ ಕುಂಬಳೆಯ ಬಗ್ಗೆ ಬರೆದದ್ದೇ ಅದು: ಇಲ್ಲಿಂದ ಮಾಲ್ಡೀವ್ಸಿಗೆ ಅಕ್ಕಿ ಹೋಗುತ್ತದೆ, ಅಲ್ಲಿಂದ ತೆಂಗಿನ ನಾರು ಬರುತ್ತದೆ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್ ಕಡೆಯವರೂ ಮೊನ್ನೆ ಮೊನ್ನೆಯ ತನಕ ಮಂಗಳೂರಿಗೆ ನಾರು ತಂದು ಅಕ್ಕಿ ಒಯ್ಯುತ್ತಿದ್ದರು. ಕೇಳಲಿಕ್ಕೆ ಸಪ್ಪೆ ಅನ್ನಿಸುತ್ತದೆ. ಆದರೆ ಈ ನಾರು ಇಲ್ಲದಿದ್ದರೆ ಹಡಗೇ ಇಲ್ಲ. ಆಗಿನ ಈ ಕಡಲಿನ ಹಡಗುಗಳಲ್ಲಿ ಹಲಗೆಗೆ ಮೊಳೆ ಹೊಡೆಯುತ್ತಿರಲಿಲ್ಲ, ತೂತು ಕೊರೆದು ನಾರಿನ ಹಗ್ಗದಲ್ಲಿ ಹೊಲಿಯುತ್ತಿದ್ದರು. ಹೊಲಿದ ಹಡಗು ಬಂಡೆಗೆ ತಾಗಿದರೆ ಸ್ವಲ್ಪ ಬಳುಕುತ್ತದೆ, ಮೊಳೆಯದ್ದು ಒಡೆಯುತ್ತದೆ ಅಂತ ಇಬ್ನ್ ಬತೂತನೇ ಬರೆದಿದ್ದಾನೆ. ಅನ್ನ ಬೆಳೆಯದ ದ್ವೀಪ, ಹಗ್ಗ ಸಾಲದ ದಡ. ಒಬ್ಬರನ್ನು ಬಿಟ್ಟು ಒಬ್ಬರಿಗೆ ನಡೆಯುವುದಿಲ್ಲ. ಮಾಯದ ಹರಳಿನ ರಾಜಕೀಯಕ್ಕಿಂತ ಇದು ಎಷ್ಟೋ ಖಾರ ಇದೆ.

1998ರಲ್ಲಿ ಇಂಡೋನೇಷ್ಯದ ಬೆಲಿತುಂಗ್ ದ್ವೀಪದ ಹತ್ತಿರ ಒಂದು ಮುಳುಗಿದ ಹಡಗು ಸಿಕ್ಕಿತು. 9ನೇ ಶತಮಾನದ್ದು. ಚೀನಾದಿಂದ ಸರಕು ತುಂಬಿಸಿಕೊಂಡು ಬರುತ್ತಿದ್ದದ್ದು, ಅದೂ ಹೊಲಿದ ಹಡಗೇ. ಒಳಗೆ ಸ್ವಲ್ಪ ಚಿನ್ನ ಬೆಳ್ಳಿ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಮುಖ್ಯ ಸರಕು ಏನು? ಸುಮಾರು 60,000 ಪಿಂಗಾಣಿ ಮಣ್ಣಿನ ಸಾಮಾನು, ಹೆಚ್ಚಿನದ್ದು ಊಟದ ಬಟ್ಟಲು. ಒಂದೇ ಥರದ ಬಟ್ಟಲು, ಸಾಲುಸಾಲಾಗಿ, ದೊಡ್ಡ ಜಾಡಿಗಳ ಒಳಗೆ ಸುರುಳಿಯಾಗಿ ಜೋಡಿಸಿದ್ದು.

ಭಾರದ ಸರಕು ಕೆಳಗೆ ಇಲ್ಲದಿದ್ದರೆ ಹಡಗು ನೆಟ್ಟಗೆ ನಿಲ್ಲುವುದಿಲ್ಲ. ಇದು ನನಗೆ ಪುಸ್ತಕಕ್ಕಿಂತ ಮೊದಲು ಅಜ್ಜನಿಂದ ಗೊತ್ತು. ಅಜ್ಜ ಮಂಗಳೂರಿನ ಹಳೆ ಬಂದರಿನಲ್ಲಿ ಒಂದು ಗೋದಾಮಿನ ರೈಟರ್. ಹಂಚು, ಅಕ್ಕಿ, ಒಣಮೀನು ಮಂಜಿಗೆ (ಸರಕು ಸಾಗಿಸುವ ಹಾಯಿ ಹಡಗಿಗೆ) ತುಂಬಿಸುವಾಗ ಲೆಕ್ಕ ಬರೆಯುವ ಕೆಲಸ. ಮೊದಲ ಮೂಟೆ ಹಲಗೆ ದಾಟುವಾಗ 'ಒಂದು' ಅನ್ನುತ್ತಿರಲಿಲ್ಲ, 'ಲಾಭ' ಅನ್ನುತ್ತಿದ್ದರು. ಲಾಭ, ಎರಡು, ಮೂರು. ಮನೆಯಲ್ಲಿ ಅಡಿಕೆ ಎಣಿಸುವಾಗಲೂ ಹಾಗೇ. ನನಗೆ ಎಣಿಕೆ ಕಲಿಸಿದ್ದೂ ಹಾಗೇ, ಒಂದನೇ ಕ್ಲಾಸಿನಲ್ಲಿ ನಾನು ಲಾಭದಿಂದ ಶುರುಮಾಡಿ ಮೇಷ್ಟ್ರ ಕೈಯಲ್ಲಿ ಬೈಸಿಕೊಂಡದ್ದೂ ಉಂಟು. ಹಂಚು ಅಡಿಯಲ್ಲಿ, ಅಕ್ಕಿ ಅದರ ಮೇಲೆ, ಹಗುರದ್ದು ಎಲ್ಲಕ್ಕಿಂತ ಮೇಲೆ. ಇದು ತಪ್ಪಿದರೆ ಅಳಿವೆಯಲ್ಲೇ ಮಗುಚುತ್ತದೆ ಅಂತ ಅಜ್ಜ ಊಟದ ಬಟ್ಟಲಿನಲ್ಲಿ ತೋರಿಸುತ್ತಿದ್ದರು. ಗಂಜಿಯ ಮೇಲೆ ಉಪ್ಪಿನಕಾಯಿ ಭರಣಿಯ ಮುಚ್ಚಳ ತೇಲಿಸಿ.

ಕುದುರೆ ಸಾಗಿಸುವವರು ಒಮ್ಮೆ ನೀರಿನ ಲೆಕ್ಕ ಹಾಕಿ. ಒಂದು ಕುದುರೆಗೆ ದಿನಕ್ಕೆ 25 ಲೀಟರ್ ಅಂತ ಇಟ್ಟುಕೊಳ್ಳಿ. 50 ಕುದುರೆ, 40 ದಿನ: 50,000 ಲೀಟರ್. ಐದು ಟ್ಯಾಂಕರ್ ನೀರು! ನಿಮ್ಮ ಸೇನಾಪತಿ ರಾತ್ರೋರಾತ್ರಿ ಸಾವಿರ ಕುದುರೆ ಹಡಗಿಗೆ ಹತ್ತಿಸುತ್ತಾನೆ. ನೀರು ಎಲ್ಲಿಂದ ತರುತ್ತಾನೆ? ನಮ್ಮ ಹನ್ನೆರಡು ಕುದುರುಗಳಿಗೆ ಇಷ್ಟು ಬೆಲೆ ಬಂದದ್ದು ಈ ಲೆಕ್ಕದಿಂದ. ಸಿಹಿನೀರಿನ ಬಾವಿ ಇರುವುದು ಅದರಲ್ಲಿ ಮೂರರಲ್ಲಿ ಮಾತ್ರ.

ಬಂದರಿನ ಬಾಗಿಲನ್ನು ಯಾರೂ ಬರೆಯುವುದಿಲ್ಲ, ಅದು ನನಗೆ ದೊಡ್ಡ ಬೇಜಾರು. ನಮ್ಮ ಕಡೆ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಹೊಯಿಗೆ ದಿಬ್ಬ ಕಟ್ಟುತ್ತದೆ. ನಿನ್ನೆ ಇದ್ದ ದಾರಿ ಇವತ್ತು ಇರುವುದಿಲ್ಲ. ಭರತ ಇಳಿತದ ವ್ಯತ್ಯಾಸ ನಮ್ಮಲ್ಲಿ ಒಂದು ಆಳುದ್ದವೂ ಇಲ್ಲ, ಹಾಗಾಗಿ ನೀರು ಏರಿದಾಗ ಸಿಗುವ ಆಳವೂ ಸ್ವಲ್ಪವೇ. ಚಂದ್ರಗಿರಿ ಹೊಳೆಯ ಅಳಿವೆಯಲ್ಲಿ ಒಮ್ಮೆ ಬೆಳಿಗ್ಗೆ ಮೀನಿನ ದೋಣಿ ಒಳಗೆ ಬರುವುದನ್ನು ನೋಡುತ್ತಾ ನಿಂತಿದ್ದೆ. ದೋಣಿ ಹೊರಗೆ ನಿಂತುಬಿಟ್ಟಿತು. ಇಂಜಿನ್ ಗುಡುಗುಡು ಅನ್ನುತ್ತಲೇ ಇದೆ, ಮುಂದೆ ಬರುವುದಿಲ್ಲ. ಮುಂಭಾಗದಲ್ಲಿ ಒಬ್ಬ ಹಿಂದೆ ತಿರುಗಿ ಬರುವ ಅಲೆಗಳನ್ನೇ ನೋಡುತ್ತಿದ್ದ, ಕೈ ಮೇಲೆ. ಒಂದು ಹೋಯಿತು, ಎರಡು, ಮೂರು, ದೊಡ್ಡವೆಲ್ಲ ಹೋದವು. ಕೈ ಕೆಳಗೆ ಬಂತು. ಇಂಜಿನ್ ಕೂಗಿತು, ಒಂದು ಸಣ್ಣ ಅಲೆಯ ಬೆನ್ನ ಮೇಲೆ ಕೂತು ದೋಣಿ ದಿಬ್ಬ ದಾಟಿತು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ದಡದಲ್ಲಿ ಬುಟ್ಟಿ ಹಿಡಿದು ನಿಂತ ಹೆಂಗಸರು ಅಷ್ಟು ಹೊತ್ತೂ ಮಾತು ನಿಲ್ಲಿಸಿದ್ದರು, ಆಮೇಲೆ ಒಟ್ಟಿಗೆ ಶುರುಮಾಡಿದರು, ಇವತ್ತು ಬೂತಾಯಿಗೆ ರೇಟು ಎಷ್ಟು ಅಂತ.

ಸಾವಿರ ಮೈಲಿ ಬಂದ ಹಡಗು ಮನೆ ಬಾಗಿಲಲ್ಲಿ ಮುಳುಗುವುದು ಇಂಥ ಕಡೆ. ಇದನ್ನು ಬರೆಯಿರಿ.

ಇನ್ನು ಗೆರೆಯ ಮಾತು. ಕಾಸರಗೋಡಿನವರಿಗೆ ನಕ್ಷೆಯ ಗೆರೆಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1956ರ ನವೆಂಬರ್ 1ಕ್ಕೆ ನಮ್ಮ ತಾಲೂಕು ಕೇರಳಕ್ಕೆ ಹೋಯಿತು. ಅದೇ ದಿನ, ಅಲ್ಲಿಯ ತನಕ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಅಮಿನಿ ಕಡೆಯ ದ್ವೀಪಗಳು ಬೇರೆ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ನಮ್ಮ ಗೆರೆಯ ಬಗ್ಗೆ ಎಲ್ಲರೂ ಮಾತಾಡಿದ್ದಾರೆ, ಅವರ ಗೆರೆ ನೀರಿನ ಮೇಲೆ ಇದ್ದದ್ದರಿಂದ ಇಲ್ಲಿ ಯಾರಿಗೂ ಕಾಣಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಈಗಲೂ ಮಳೆಗಾಲದ ಟ್ರಾಲಿಂಗ್ ನಿಷೇಧ (ಬೋಟಿನಿಂದ ಬಲೆ ಎಳೆದು ಮೀನು ಹಿಡಿಯಬಾರದು ಅನ್ನುವುದು) ನೋಡಿ: ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31, 61 ದಿನ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ, 52 ದಿನ. ಅಂದ್ರೆ ಒಂಬತ್ತು ದಿನ ಗಡಿಯ ತಲಪಾಡಿಯ ಆಚೆಯ ಬೋಟು ದಡದಲ್ಲಿ, ಈಚೆಯದ್ದು ಕಡಲಲ್ಲಿ. ಮೀನಿಗೆ ಇದು ಗೊತ್ತಿಲ್ಲ. ನಮ್ಮ ತೆಂಕಗಡಲಲ್ಲಿ ಎರಡು ರಾಜ್ಯಗಳಿಗೆ ಇದೇ ಥರ ಒಂಬತ್ತು ದಿನದ ಅಂತರ ಕೊಟ್ಟಿದ್ದೇವೆ, ಬಂದರು ಮುಚ್ಚಲಿಕ್ಕೆ ಸರಪಳಿ ಎಳೆಯುವ ದಿನ ಬೇರೆ ಬೇರೆ. ನಮ್ಮ ಆಟದ ಎಲ್ಲ ತಕರಾರು ಆ ಒಂಬತ್ತು ದಿನದಲ್ಲೇ ಆಗುತ್ತದೆ.

ಭಾಷೆ ಬೇರೆ. ನಿಮ್ಮ ಲೋಕದಲ್ಲಿ ಎಲ್ಲ ಬಂದರಿನವರೂ ಒಂದು 'ಸಾಮಾನ್ಯ ಭಾಷೆ' ಮಾತಾಡುತ್ತಾರೆ, ಪಠ್ಯಪುಸ್ತಕದ ಕನ್ನಡದ ಹಾಗೆ. ಕಾಸರಗೋಡು ಪೇಟೆಯ ಒಂದು ಅಂಗಡಿಗೆ ಬನ್ನಿ. ಸಾಹೇಬರು ನನ್ನ ಹತ್ತಿರ ಕನ್ನಡದಲ್ಲಿ ಬೆಲೆ ಹೇಳುತ್ತಾರೆ, ಹುಡುಗನಿಗೆ ಮಲಯಾಳದಲ್ಲಿ ಕಟ್ಟಲು ಹೇಳುತ್ತಾರೆ, ಪಕ್ಕದ ಅಂಗಡಿಯವನಿಗೆ ತುಳುವಿನಲ್ಲಿ ತಮಾಷೆ ಮಾಡುತ್ತಾರೆ, ಫೋನು ಬಂದರೆ ಬ್ಯಾರಿ. ಯಾರಿಗೂ ಇದು ವಿಶೇಷ ಅಲ್ಲ. ಹಾಂ, ಚೌಕಾಸಿಯ ಹೊತ್ತಿಗೆ ಮಾತ್ರ ಅವರು ನನಗೆ ಅರ್ಥವಾಗದ ಕಡೆಗೆ ಜಾರುತ್ತಾರೆ. ಬಂದರಿನ ಭಾಷೆ ಬರೆಯುವುದಾದರೆ ಆ ಜಾರುವಿಕೆಯನ್ನು ಬರೆಯಿರಿ.

ಕಡಲಸರ್ಪ ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ. ನಮ್ಮಲ್ಲೂ ಒಂದುಂಟು. ಆದರೆ ಅದು ಎಂಟನೇ ಕುದುರಿನ ಹತ್ತಿರ ಮರಿ ಮಾಡಲಿಕ್ಕೆ ಬರುವುದು ಸೊಸೆಗಾಳಿಯ ಕೊನೆಯ ಎರಡು ವಾರ ಮಾತ್ರ. ಅದಕ್ಕೇ ಆ ಎರಡು ವಾರ ಸಾಲದ ಬಡ್ಡಿ ಜಾಸ್ತಿ.

ನಕ್ಷೆ ಕಳಿಸುವವರು ಇನ್ನು ಮುಂದೆಯೂ ಕಳಿಸಿ, ಖಂಡಿತ ನೋಡುತ್ತೇನೆ. ಆದರೆ ಜೊತೆಗೆ ಒಂದು ಹಾಳೆಯಲ್ಲಿ ನಿಮ್ಮ ದಾರಿ ಯಾವ ತಿಂಗಳು ಮುಚ್ಚಿರುತ್ತದೆ, ಆಗ ನಿಮ್ಮ ನಾವಿಕರು ಯಾರ ಮನೆಯಲ್ಲಿ ಊಟ ಮಾಡುತ್ತಾರೆ, ಅದರ ದುಡ್ಡು ಯಾರು ಕೊಡುತ್ತಾರೆ ಅಂತ ಬರೆದು ಕಳಿಸಿ. ಗೆರೆ ಆಮೇಲೆ ಎಳೆದರಾಯಿತು.

ನಮ್ಮ ಹುಡುಗರ ಹಡಗು ಈಗ ಅದೇ ಎಂಟನೇ ಕುದುರಿನಲ್ಲಿದೆ. ಹರಳೂರಿಗೆ ಹೊರಟವರು, ಬಡ್ಡಿಯ ಆಸೆಗೆ ಒಂದು ವಾರ ತಡಮಾಡಿದರು, ಸೊಸೆಗಾಳಿ ಬಿದ್ದುಹೋಯಿತು, ಅತ್ತೆಗಾಳಿ ಎದುರು ನಿಂತಿದೆ. ಏಳು ಜನ, ನಾಲ್ಕು ತಿಂಗಳು, ಉಪ್ಪುನೀರಿನ ಬಾವಿ, ಮೆಣಸಿಗೆ ಬೂಸ್ಟು ಹಿಡಿಯುತ್ತಾ ಇದೆ. ಒಬ್ಬ ಆಗಲೇ ಕುದುರಿನ ಹಗ್ಗ ಹೊಸೆಯುವವರ ಮನೆಗೆ ಅಳಿಯನಾಗುವ ಯೋಚನೆಯಲ್ಲಿದ್ದಾನೆ. ಐದು ಭಾನುವಾರದಿಂದ ಹಡಗು ಒಂದು ಮಾರು ಕದಲಿಲ್ಲ, ಒಬ್ಬರೂ ಆಟ ತಪ್ಪಿಸಿಲ್ಲ.

ಮೊನ್ನೆ ಚಿಕ್ಕಮ್ಮ ಚಾ ತಂದಿಟ್ಟು ಕೇಳಿದರು, "ಹಡಗು ಬಿಟ್ಟಿತಾ?"

"ಇಲ್ಲ ಚಿಕ್ಕಮ್ಮ, ಸೊಸೆ ಇನ್ನೂ ಬಂದಿಲ್ಲ."

"ದೀಪಾವಳಿ ಕಳೀಲಿ" ಅಂದರು.

ಇಂತಿ,
ಕುಂಬಳೆ ಕಡೆಯ ಒಬ್ಬ ಕಥೆ ನಡೆಸುವವನು